ಶಲ್ಯದ ಕೆಳಗಿನ ಬಡ್ಡಿ

ಬ್ಯಾಂಕಿನ ಕೀಲಿಕೈಯನ್ನು ಅವ್ವ ಜೋಳದ ಬುಟ್ಟಿಯಲ್ಲಿ ಹೂತಿಡುತ್ತಿದ್ದಳು. ಬೆಳಿಗ್ಗೆ ಅದನ್ನು ಹುಡುಕಲು ಮೊಣಕೈವರೆಗೆ ಜೋಳದೊಳಗೆ ಕೈಯಿಳಿಸಿದ ವೆಂಕೋಬನಿಗೆ ಕೀಲಿಕೈಗಿಂತ ಮೊದಲು ಒಂದು ಪುಸ್ತಕ ಸಿಕ್ಕಿತು. ಹಸಿರು ರಟ್ಟು, ಬೆನ್ನಿಗೆ ಗಟ್ಟಿ ಬಟ್ಟೆ ಅಂಟಿಸಿದ್ದು, ಮೇಲೆ ಉರ್ದುವಿನಲ್ಲೂ ಕನ್ನಡದಲ್ಲೂ ಅಚ್ಚಾದ ಹೆಸರು. ಎದುರಾಳಿ ಬ್ಯಾಂಕಿನ ಪಾಸುಬುಕ್ಕು. ಅವನಿಗೆ ಮೊದಲು ಸಿಟ್ಟು ಬರಲಿಲ್ಲ. ಇವರ ರಟ್ಟು ನಮ್ಮದಕ್ಕಿಂತ ಚಲೋ ಇದೆಯಲ್ಲ ಅನ್ನಿಸಿತು. ನಮ್ಮದು ಹಳದಿ ಕಾಗದ, ಎರಡು ಸಲ ಬೆವರಿನ ಕೈ ತಾಗಿದರೆ ಬಣ್ಣ ಬಿಡುತ್ತದೆ. ಸಂತೆಕಲ್ಲೂರಿನ ಒಬ್ಬ ರೈತ ತನ್ನ ಅಂಗಿಯ ಜೇಬು ಹಳದಿಯಾದದ್ದನ್ನು ತೋರಿಸಿ, ಬಡ್ಡಿ ಅಂದರೆ ಇದೇನಾ ಎಂದು ಕೇಳಿದ್ದ. ವೆಂಕೋಬ ಪುಸ್ತಕ ಬಿಚ್ಚಿದ. ಮುಕ್ಕುಂದದ ಗದ್ದೆಮ್ಮ, ಗಂಡ ಮರಹೂಂ, ಅಂದರೆ ತೀರಿಹೋದ, ಅಂಬಪ್ಪ. ಅವನ ಅವ್ವ, ಅವನ ಅಪ್ಪ. ಆಮೇಲೆ ಸಿಟ್ಟು ಬಂತು.

ಗದ್ದೆಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಮಗನ ಕೈಯಲ್ಲಿ ಹಸಿರು ಕಂಡರೂ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಯಾವಾಗ ಮಾಡ್ಸಿದಿ ಇದನ್ನ?"

"ಬಳಿಗಾರ್ತಿ ಬಂದಾಗ."

"ನಿನಗ್ಯಾಕ ಬೇಕಿತ್ತು ಬಳಿಗಾರ್ತಿ?"

ಮಾತು ಬಾಯಿ ದಾಟಿದ ಮೇಲೆ ಅದರ ಅರ್ಥ ಅವನಿಗೆ ಹೊಳೆಯಿತು. ಅಪ್ಪ ಸತ್ತು ನಾಲ್ಕು ವರ್ಷ. ಹಿಟ್ಟು ಮೆತ್ತಿದ ಆ ಕೈಗಳು ನಾಲ್ಕು ವರ್ಷದಿಂದ ಬರಿದಾಗಿದ್ದವು. ಬಡಿಯುವಾಗ ಈಗ ಬಳೆಯ ಸದ್ದಿಲ್ಲ, ಹಿಟ್ಟಿನ ಸದ್ದಷ್ಟೆ. ಅವನು ಕಣ್ಣು ತಗ್ಗಿಸಿ ಬುಟ್ಟಿಯೊಳಗೆ ಮತ್ತೆ ಕೀಲಿಕೈ ಹುಡುಕತೊಡಗಿದ.

"ಅದನ್ನ ನಾನೂ ಕೇಳಿದೆ ಅಕೀಗೆ," ಅಂದಳು ಅವ್ವ, ರೊಟ್ಟಿಯನ್ನು ಹಂಚಿಗೆ ಹಾಕಿ. "ಬಳಿ ಬ್ಯಾಡವ್ವ, ಕೈ ಕೊಡು ಅಂದ್ಲು."

"ನಾ ಇಲ್ಲಿ ಬ್ಯಾಂಕಿನ ಏಜೆಂಟ ಅದೀನಿ. ನನ್ನ ಹೆತ್ತಾಕಿ ಹೋಗಿ ಅಟ್ಟದ ಬ್ಯಾಂಕಿನಾಗ ರೊಕ್ಕ ಇಟ್ಟಾಳ ಅಂದ್ರ ಮಂದಿ ಏನಂತಾರ?"

"ಮಂದಿ ಆಗ್ಲೇ ಅಂದು ಮುಗಿಸ್ಯಾರ. ನಿನಗ ಇವತ್ತ ಗೊತ್ತಾತು. ರೊಟ್ಟಿ ತಿಂದು ಹೋಗು."

ರೊಟ್ಟಿ ತಿಂದೇ ಹೋದ. ಹಸಿದು ಹೋಗಿ ಯಾರಿಗೂ ಏನನ್ನೂ ತೋರಿಸಬೇಕಾಗಿರಲಿಲ್ಲ. ಇವತ್ತು ಸಂತೆ, ಇವತ್ತು ಸಂತೆಕಲ್ಲೂರಿನ ಅಮರಮ್ಮನ ಠೇವಣಿ ಬರಬೇಕು, ಬರುತ್ತದೆ. ಹಿಂದಿನ ವಾರ ಲಿಂಗಸುಗೂರಿನಲ್ಲಿ ಮ್ಯಾನೇಜರ್ ವಿರೂಪಾಕ್ಷಪ್ಪ ಕನ್ನಡಕ ಒರೆಸುತ್ತ ಹೇಳಿದ್ದು ಇಷ್ಟೇ: ಈ ಸಂತೆಗೆ ಒಂದು ದೊಡ್ಡ ಠೇವಣಿ ಬಂದರೆ ಮಸ್ಕಿಯ ಆಫೀಸು ಇರುತ್ತದೆ, ಬರದಿದ್ದರೆ ಸಂಜೆಯ ಬಸ್ಸಿಗೆ ಕುರ್ಚಿ, ಪೆಟ್ಟಿಗೆ, ನೀನು, ಮೂರೂ ವಾಪಸು. ವಾಪಸು ಅಂದರೆ ಲಿಂಗಸುಗೂರಿನ ಹಿಂದಿನ ಕೋಣೆ, ಇನ್ನೊಬ್ಬ ಗುಮಾಸ್ತನ ಜೊತೆ ಹಂಚಿಕೊಳ್ಳುವ ಮೇಜು, ಅವನು ಮೂಗು ಸೀಟಿದ ಕರವಸ್ತ್ರ. ವೆಂಕೋಬನಿಗೆ ಇಪ್ಪತ್ತಾರು. ತನ್ನ ಹೆಸರಿನ ಮುಂದೆ ಏಜೆಂಟ್ ಎಂದು ಬರೆದ ಕಾಗದವನ್ನು ಆರು ತಿಂಗಳು ಅನುಭವಿಸಿದವನು ಆ ಮೇಜಿಗೆ ಮರಳುವುದಿಲ್ಲ. ಮರಳುವುದಿಲ್ಲ ಎಂದು ಅವನಿಗೆ ಗೊತ್ತಿತ್ತು, ಬೇಸಿಗೆಯಾದ ಮೇಲೆ ಮಳೆಗಾಲ ಬರುತ್ತದೆ ಎಂದು ಗೊತ್ತಿದ್ದ ಹಾಗೆ.

ಮಸ್ಕಿಯಲ್ಲಿ ಎರಡು ಬ್ಯಾಂಕು. ಬೋರ್ಡಿನ ಮೇಲಿನ ಉದ್ದನೆಯ ಹೆಸರುಗಳು ಯಾರ ನಾಲಿಗೆಗೂ ಹತ್ತಿರಲಿಲ್ಲ. ಬಟ್ಟೆ ಅಂಗಡಿಯ ಮೇಲಿದ್ದದ್ದು ಅಟ್ಟದ ಬ್ಯಾಂಕು, ಬೇವಿನ ಗಿಡದ ಕೆಳಗಿದ್ದದ್ದು ಬೇವಿನ ಬ್ಯಾಂಕು. ಲಡಾಯಿ ಮುಗಿದಿತ್ತು, ಹತ್ತಿಯ ದರ ಇನ್ನೂ ಇಳಿದಿರಲಿಲ್ಲ. ಹೊಳೆಗೆ ಕಟ್ಟೆ ಕಟ್ಟಲು ಕಲ್ಲು ಇಟ್ಟು ವರ್ಷವಾಗಿತ್ತು; ಕಾಲುವೆ ಬರುತ್ತದೆ, ಸಿಂಧನೂರಿನ ಎರೆಹೊಲವೆಲ್ಲ ಗದ್ದೆಯಾಗುತ್ತದೆ ಎಂದು ಎರಡೂ ಬ್ಯಾಂಕಿನವರು ನಂಬಿದ್ದರು. ಕಾಲುವೆ ಬರುವ ಮೊದಲೇ ಜನರ ರೊಕ್ಕ ಯಾರ ಪೆಟ್ಟಿಗೆಗೆ ರೂಢಿಯಾಗುತ್ತದೋ ಅವರು ಗೆದ್ದರು. ಆದರೆ ಜನರ ರೊಕ್ಕ ಗೋಡೆಯೊಳಗಿತ್ತು, ನೆಲದಡಿಯ ಹಗೇವಿನೊಳಗಿತ್ತು, ಹೆಂಗಸರ ಗಂಟಿನೊಳಗಿತ್ತು. ಅದನ್ನು ಹೊರಗೆ ತರಲು ವೆಂಕೋಬ ಗಿಡದ ಕೆಳಗೆ ಬೆಂಚು ಹಾಕಿಸಿದ, ನೀರಿನ ಗಡಿಗೆ ಇಡಿಸಿದ, ಚಪ್ಪಲಿ ಕಳಚದೆ ಒಳಗೆ ಬರಬಹುದು ಎಂದು ಸಾರಿದ. ಜನ ಬಂದರು, ನೀರು ಕುಡಿದರು, ಬೆಂಚಿನ ಮೇಲೆ ಮಲಗಿದರು. ಆಗ ಅಟ್ಟದ ಬ್ಯಾಂಕಿನ ಖಾದರಬಾಷಾ ಏನೂ ಮಾಡದೆ ಮೇಲೆ ಕೂತಿದ್ದ. ಕಡಿದಾದ ಏಣಿ, ಸೀರೆ ಉಟ್ಟವರು ಯಾರೂ ಹತ್ತಲಾರದ ಏಣಿ. ಅದನ್ನು ನೋಡಿ ವೆಂಕೋಬ ನಕ್ಕಿದ್ದ. ಖಾದರಬಾಷಾನ ತಾಯಿ ಹುಸೇನ್‌ಬೀ ಊರೂರು ತಿರುಗಿ ಬಳೆ ಇಡಿಸುವವಳು ಎಂಬುದು ಅವನಿಗೆ ಗೊತ್ತಿತ್ತು, ಲಿಂಗಸುಗೂರಿನ ಶಾಲೆಯಲ್ಲಿ ಒಂದೇ ಬೆಂಚಿನವರು ಅವರಿಬ್ಬರೂ. ಗೊತ್ತಿದ್ದೂ, ಬಳೆ ಇಡಿಸುತ್ತಲೇ ಅವಳು ಖಾತೆಯನ್ನೂ ಮಾಡಿಸಬಲ್ಲಳು ಎಂದು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಈಗ ಆ ಏಣಿಯ ಕೆಳಗೇ ಖಾದರಬಾಷಾ ಹಲ್ಲುಜ್ಜುತ್ತ ನಿಂತಿದ್ದ.

"ಏನ್ ವೆಂಕೋಬ, ತಾಯಿ ಆರಾಮ ಅದಾರಾ?"

"ಆರಾಮ."

"ನಮ್ಮ ಗಿರಾಕಿ ಅವರು. ಚಂದ ನೋಡ್ಕೋ."

"ಹೆಂಗಸರನ್ನ ಮುಂದ ಬಿಟ್ಟು ವ್ಯಾಪಾರ ಮಾಡ್ತಿ, ನಾಚಿಕಿ ಇಲ್ಲೇನೋ?"

ಖಾದರಬಾಷಾ ಉಗುಳಿ ಬಾಯಿ ಒರೆಸಿಕೊಂಡ. "ನಿನ್ನ ಬ್ಯಾಂಕಿಗೆ ಬೇವಿನ ಗಿಡ ಅದ. ನನ್ನ ಬ್ಯಾಂಕಿಗೆ ನಮ್ಮಮ್ಮ ಅದಾಳ. ನೀ ಗಿಡಕ್ಕ ಕೈ ಮುಗಿ, ನಾ ಅಮ್ಮಗ ಮುಗೀತೀನಿ."

ತಕ್ಕ ಉತ್ತರ ಹತ್ತು ಹೆಜ್ಜೆ ದಾಟಿದ ಮೇಲೆ ಹೊಳೆಯಿತು, ಹತ್ತು ಹೆಜ್ಜೆ ಹಿಂದಕ್ಕೆ ಹೋಗಿ ಹೇಳುವಂಥದ್ದಾಗಿರಲಿಲ್ಲ. ಗಿಡದ ಕೆಳಗೆ ಹೂವುದುರಿ ಬೆಂಚು ಬೆಳ್ಳಗಾಗಿತ್ತು. ಬೀಗ ತೆಗೆಯುವಾಗ ಬೇವಿನ ಬೊಡ್ಡೆಯ ಮೇಲಿನ ನೀಲಿ ಕಲೆ ಕಣ್ಣಿಗೆ ಬಿತ್ತು. ದಿನಾ ಬೀಳುತ್ತಿತ್ತು. ಆಫೀಸು ತೆರೆದ ದಿನ ಮ್ಯಾನೇಜರರ ಮುಂದೆ ಮೊದಲ ಖಾತೆ ಯಾರದಾದರೂ ಆಗಬೇಕಿತ್ತು. ಅವನು ಅವ್ವನನ್ನು ಕರೆತಂದ, ಅವಳ ಹೆಬ್ಬೆರಳು ಹಿಡಿದ, ಮಸಿಗೆ ಒತ್ತಿದ, ಕಾಗದಕ್ಕೆ ಒತ್ತಿದ. ಗೆರೆ ಕಲಸಿಹೋಯಿತು, ಮತ್ತೆ ಒತ್ತಿದ. ಮೂರನೆಯ ಸಲಕ್ಕೆ ಚಲೋ ಬಂತು. ಮೊಹರು ಒತ್ತುವ ಹಾಗೆ ಒತ್ತುತ್ತಿದ್ದಾನೆ ಎಂದು ಅವನಿಗೆ ಆಗ ತಿಳಿಯಲಿಲ್ಲ. ಸುತ್ತ ಗಂಡಸರು, ಹತ್ತಿ ಬಿಡಿಸುವ ಜಿನ್ನಿನ ಸಾವಕಾರ, ಪೊಲೀಸ್ ಅಮೀನ, ಎಲ್ಲರ ನಡುವೆ ಅವ್ವ ತೋಳನ್ನು ಯಾರದೋ ವಸ್ತುವಿನ ಹಾಗೆ ಮಗನಿಗೆ ಕೊಟ್ಟು ಬೇರೆ ಕಡೆ ನೋಡುತ್ತಿದ್ದಳು. ಒರೆಸಿಕೊಳ್ಳಲು ಬಟ್ಟೆ ಕೊಡುವುದು ಮರೆತಿತ್ತು. ಅವಳು ಹೊರಗೆ ಹೋಗಿ ಬೆರಳನ್ನು ಗಿಡಕ್ಕೆ ಒರೆಸಿದಳು. ಆ ದಿನ ಭಾಷಣದಲ್ಲಿ ವಿರೂಪಾಕ್ಷಪ್ಪ, ಹೆತ್ತ ತಾಯಿಯೇ ನಂಬಿ ಇಟ್ಟಿದ್ದಾಳೆ ನೋಡಿರಿ ಅಂದಿದ್ದರು. ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಅವನೂ.

ಹೊತ್ತು ಏರಿದ ಮೇಲೆ ಆದೆಪ್ಪ ಬಂದ, ಒಬ್ಬನೇ. ಅಮರಮ್ಮನ ಮೈದುನ ಇವನು, ಅಣ್ಣ ಸತ್ತ ಹನ್ನೊಂದು ವರ್ಷದಿಂದ ಅತ್ತಿಗೆಯ ಪರವಾಗಿ ಹೊರಗಿನ ಮಾತೆಲ್ಲ ಆಡುವವನು. ಸಂತೆಕಲ್ಲೂರಿನಲ್ಲಿ ಹೊಲ ನೋಡುವವಳು ಅಮರಮ್ಮ, ಎತ್ತು ಕೊಳ್ಳುವವಳು ಅವಳು, ಕೂಲಿಯವರನ್ನು ಬೈಯುವವಳು ಅವಳು. ಆದರೆ ಮಾಲಿಗೆ ದರ ಕಟ್ಟುವುದು ಶಲ್ಯದ ಕೆಳಗೆ, ಬೆರಳು ಹಿಡಿದು. ಪರಗಂಡಸಿನ ಬೆರಳನ್ನು ಹೆಂಗಸು ಹಿಡಿಯುವ ಹಾಗಿಲ್ಲ. ಹಾಗಾಗಿ ಬೆರಳು ಮಾತ್ರ ಆದೆಪ್ಪನದು. ಹದಿನೈದು ದಿನದ ಹಿಂದೆ ಜಿನ್ನಿನ ನೆರಳಿನಲ್ಲಿ ವೆಂಕೋಬ ಅವನ ಕೈಯ ಮೇಲೆ ತನ್ನ ಶಲ್ಯ ಹೊದಿಸಿದ್ದ. ಒಂದು ಬೆರಳಿಗೆ ಒಂದು, ಬೆರಳಿನ ನಡುಗೆಣ್ಣಿಗೆ ಹಿಡಿದರೆ ಅರ್ಧ. ಆರು ಸಾವಿರ ಹಾಲಿ ಸಿಕ್ಕಾ ರೂಪಾಯಿ, ವರ್ಷದ ಠೇವಣಿ, ಸೇಕಡಾ ಎರಡೂವರೆ ಬಡ್ಡಿ. ಮುಗಿಯಿತು ಅಂದುಕೊಂಡಾಗ ಆದೆಪ್ಪ ಕೈ ಬಿಡಲಿಲ್ಲ. ಅವನ ಹೆಬ್ಬೆರಳು ವೆಂಕೋಬನ ತೋರುಬೆರಳಿನ ನಡುಗೆಣ್ಣನ್ನು ಮೆಲ್ಲಗೆ ತಿಕ್ಕಿತು. ಅರ್ಧ ನನಗೆ. ಮುಖ ಮಾತ್ರ ಎತ್ತಿನ ಬಂಡಿಗಳ ಕಡೆ ನೋಡುತ್ತಿತ್ತು. ವೆಂಕೋಬನೂ ಬಂಡಿಗಳ ಕಡೆ ನೋಡುತ್ತ ಆ ಹೆಬ್ಬೆರಳನ್ನು ಒತ್ತಿದ. ಎರಡೂ ಕೂಡಿದರೂ ಮೂರೇ, ಮೂರೂವರೆಯವರೆಗೆ ಕೊಡಲು ಅವನಿಗೆ ಅಧಿಕಾರವಿತ್ತು. ಆದೆಪ್ಪನದನ್ನು ಏಜೆಂಟನ ಖರ್ಚು ಎಂದು ತೋರಿಸಿದರಾಯಿತು. ಆ ಸಂಜೆ ಅವನು ಸಿಳ್ಳೆ ಹಾಕುತ್ತ ಮನೆಗೆ ಹೋಗಿದ್ದ. ಬಟ್ಟೆಯ ಕೆಳಗೆ ನಡೆದದ್ದು ತಪ್ಪು ಅನ್ನಿಸುವುದಕ್ಕೆ ಬಹಳ ದಿನ ಹಿಡಿಯುತ್ತದೆ. ಅನ್ನಿಸಿದ ಮೇಲೂ ಯಾರಿಗೂ ಗೊತ್ತಿಲ್ಲ ಎಂಬುದು ಅದರ ಮೇಲೆ ಇನ್ನೊಂದು ಬಟ್ಟೆಯ ಹಾಗೆ ಬಿದ್ದಿರುತ್ತದೆ.

"ಕೆಟ್ಟುಹೋತು," ಅಂದ ಆದೆಪ್ಪ, ಬೆಂಚಿನ ಮೇಲೆ ಕುಸಿದು. "ಅತ್ತಿಗೆ ಜಿನ್ನಿನ ಅಂಗಳದಾಗ ಬಂಡಿ ಬಿಟ್ಟಾಳ. ಬೇವಿನ ಬ್ಯಾಂಕಿಗೆ ಬರಂಗಿಲ್ಲ ಅಂದ್ಲು. ಆ ಬಳಿಗಾರ್ತಿ ಬಾಜೂಕ ಕುಂತಾಳ."

"ಯಾಕ? ನಿನ್ನ ಮಾತು ಮುಗದಿತ್ತಲ್ಲ."

"ನಿನ್ನ ಅರ್ಧದ ಸುದ್ದಿ ಗೊತ್ತಾಗೇತಿ."

"ನನ್ನ ಅರ್ಧ ಅಲ್ಲ, ನಿನ್ನ ಅರ್ಧ. ಯಾರು ಹೇಳಿದ್ರು?"

ಆದೆಪ್ಪ ನೀರಿನ ಗಡಿಗೆಯನ್ನೇ ನೋಡುತ್ತ ಹೇಳಿದ. ಸ್ವಲ್ಪ ಕುಡಿದಿದ್ದ, ಹೆಂಡತಿಗೆ ಹೇಳಿದ್ದ. ಹೆಂಡತಿ ಬಳೆ ಇಡಿಸಿಕೊಳ್ಳುವಾಗ ಹುಸೇನ್‌ಬೀಗೆ ಹೇಳಿದ್ದಳು. ಬಿಗಿ ಬಳೆ ಗೆಣ್ಣು ದಾಟುವಾಗ ನೋವು ಮರೆಯಲು ಹೆಂಗಸರು ಏನಾದರೂ ಮಾತಾಡುತ್ತಿರುತ್ತಾರೆ. ಹುಸೇನ್‌ಬೀ ಕೇಳಿಸಿಕೊಳ್ಳುತ್ತ ಬಳೆ ಏರಿಸುತ್ತಾಳೆ.

"ಈಗ ನನ್ನ ಅರ್ಧದ್ದು ಏನು?" ಅಂದ ಆದೆಪ್ಪ.

ವೆಂಕೋಬ ಶಲ್ಯ ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಬೀಗ ಜಡಿದ. ಹೆದರಿಕೆ ಬರಬೇಕಿತ್ತು, ಬರಲಿಲ್ಲ. ಗೆಲ್ಲುವ ಎತ್ತು ಎಡವಿದಾಗ ಅಪ್ಪನ ಮುಖದಲ್ಲಿ ಬರುತ್ತಿದ್ದ ಒಂದು ಬಿಗಿ ತನ್ನ ದವಡೆಯಲ್ಲೂ ಬಂದದ್ದು ಗೊತ್ತಾಯಿತು. ಅಪ್ಪ ಸಿಂಧನೂರಿನ ಎತ್ತಿನ ಸಂತೆಯ ದಲ್ಲಾಳಿ. ಮಾತಾಡುವುದಕ್ಕೆ ಬಾಯಿ ಬಳಸಿದ್ದನ್ನು ಮಗ ಕಂಡದ್ದು ಕಡಿಮೆ. ಸಂತೆಯಿಂದ ಬಂದ ಮೇಲೆ ಅವತ್ತಿನ ವ್ಯಾಪಾರವನ್ನು ಅವ್ವನ ಕೈ ಹಿಡಿದು ಬೆರಳಿನಲ್ಲೇ ಹೇಳುತ್ತಿದ್ದ. ಅವ್ವ ನಗುತ್ತಿದ್ದಳು, ಕೆಲವು ಸಲ ಅವನ ಬೆರಳನ್ನು ತಿರುಚಿ, ಇಷ್ಟಕ್ಕ ಬಿಟ್ಟೇನು ಮೂಳ, ಅನ್ನುತ್ತಿದ್ದಳು. ವೆಂಕೋಬ ಬೆರಳ ಲೆಕ್ಕ ಕಲಿತದ್ದು ಅಲ್ಲಿ, ಗೋಡೆಗೆ ಒರಗಿ ಕೂತು, ಅವರಿಬ್ಬರ ಕೈ ನೋಡುತ್ತ.

ಜಿನ್ನಿನ ಅಂಗಳದಲ್ಲಿ ಹತ್ತಿಯ ಬಂಡಿಗಳು ಸಾಲುಗಟ್ಟಿದ್ದವು. ಅಮರಮ್ಮ ನೊಗ ಇಳಿಸಿದ ಬಂಡಿಯ ನೆರಳಿನಲ್ಲಿ ಕಂಬಳಿ ಹಾಸಿ ಕೂತಿದ್ದಳು. ಐವತ್ತರ ಹೆಂಗಸು, ಬಿಸಿಲಿಗೆ ಕರಕಾದ ಮುಖ, ಮಂಡಿಯ ಮೇಲೆ ಬರಿಗೈ. ಪಕ್ಕದಲ್ಲಿ ಹುಸೇನ್‌ಬೀ, ಬಳೆಯ ಮಲಾರವನ್ನು ಕಾಲ ಹತ್ತಿರ ಇಟ್ಟುಕೊಂಡು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಖಾದರಬಾಷಾ ದೂರದಲ್ಲಿ ಹತ್ತಿ ತುಂಬಿದ ಅಂಡಿಗೆಯ ಚೀಲಕ್ಕೆ ಒರಗಿ ನಿಂತಿದ್ದ, ಕಂಕುಳಲ್ಲಿ ಹಸಿರು ಪುಸ್ತಕ. ಏಣಿ ಹತ್ತಲಾರದವರಿಗಾಗಿ ಬ್ಯಾಂಕೇ ಇಳಿದು ಬಂದಿತ್ತು.

"ಯಕ್ಕಾ, ಶರಣ್ರಿ," ಅಂದ ವೆಂಕೋಬ.

"ಬಾ ತಮ್ಮಾ. ಒಂದು ಮಾತು ಕೇಳ್ತೀನಿ, ನಿಜಾ ಹೇಳು. ನಿನ್ನ ಶಲ್ಯದ ಕೆಳಗ ನನಗೆಷ್ಟು, ಇವಗೆಷ್ಟು?"

ವೆಂಕೋಬನ ಬೆನ್ನಿಗೇ ಬಂದಿದ್ದ ಆದೆಪ್ಪ ಒಂದು ಹೆಜ್ಜೆ ಹಿಂದಕ್ಕೆ ಸರಿದ. ಸುಳ್ಳು ಸಿದ್ಧವಾಗಿತ್ತು. ಅದು ಕಮಿಷನ್ನು, ಎಲ್ಲ ಬ್ಯಾಂಕಿನಾಗೂ ಇರ್ತೈತಿ, ಹೈದರಾಬಾದಿನ ಕಾಯ್ದೆ. ಹೇಳಿದರೆ ಅವಳು ನಂಬಲೂಬಹುದು, ಕಾಯ್ದೆ ಉರ್ದುವಿನಲ್ಲಿದೆ. ಹುಸೇನ್‌ಬೀ ಎಲೆ ಮಡಚುವುದನ್ನು ನಿಲ್ಲಿಸಿ ಅವನ ಬಾಯಿಯನ್ನೇ ನೋಡುತ್ತಿದ್ದಳು, ಅವಳಿಗೆ ಉರ್ದು ಬರುತ್ತಿತ್ತು.

"ಇವಗ ಅರ್ಧ," ಅಂದ.

"ಯಾರ ಅರ್ಧ?"

"ನಿಮಗ ಬರಬೇಕಾದ್ದರಾಗಿನ ಅರ್ಧ."

ಅಮರಮ್ಮ ಮೈದುನನ ಕಡೆ ತಿರುಗಲಿಲ್ಲ. "ಹನ್ನೊಂದು ವರ್ಷ ಇವನ ಬೆರಳನ್ನ ನನ್ನ ಬೆರಳು ಅಂದ್ಕೊಂಡಿದ್ದೆ," ಅಂದಳು. "ಎತ್ತಿನಾಗೆಷ್ಟು, ಹತ್ತಿಯಾಗೆಷ್ಟು, ಲೆಕ್ಕ ಹಾಕಾಕ ಹೋಗಂಗಿಲ್ಲ. ಮೊನ್ನಿ ಈಕಿ ಬಂದ್ಲು. ಬಳಿಗಾರ್ತಿ ನನ್ನ ಕೈ ಹಿಡಿದು ಹನ್ನೊಂದು ವರ್ಷ ಆಗಿತ್ತು. ಸೆರಗಿನ ಕೆಳಗ ತಾನ ಹಿಡಿದು ತಾನ ಹೇಳಿದ್ಲು, ಇಷ್ಟು ಅಂತ. ನಡುವ ಯಾರೂ ಇಲ್ಲ."

"ಎಷ್ಟಂದಾರ ಹೇಳ್ರಿ ಯಕ್ಕಾ, ನಾ ಅದಕ್ಕಿಂತ—"

"ಬಾಯಿಲೆ ಹೇಳಂಗಿಲ್ಲ." ಅವಳು ಅಂಗಳವನ್ನು ಕಣ್ಣಿನಿಂದ ತೋರಿಸಿದಳು. ಬಂಡಿಗಳ ಮೇಲೆ ಮಲಗಿದವರ ತಲೆಗಳು ಇತ್ತ ತಿರುಗಿದ್ದವು. ಬಾಯಲ್ಲಿ ಬಂದ ದರ ದರವಲ್ಲ, ಅದಕ್ಕೆ ಯಾರೂ ಬದ್ಧರಲ್ಲ. ಜೊತೆಗೆ ಇಲ್ಲಿ ಕೂಗಿ ಹೇಳಿದ ಬಡ್ಡಿಯನ್ನು ಸಂಜೆಯೊಳಗೆ ಎಲ್ಲ ಖಾತೆದಾರರೂ ಕೇಳುತ್ತಾರೆ. "ನನ್ನ ಕೂಡ ವ್ಯಾಪಾರ ಬೇಕಂದ್ರ ಕೈ ತಗೊಂಡು ಬಾ. ಹೆಣ್ಣ ಕೈ. ಹೊತ್ತು ಇಳಿಯೂ ತನಕ ಕೂಡ್ತೀನಿ."

"ಸಿಗ್ತದ ಬಿಡು ಬೇಟಾ," ಅಂದಳು ಹುಸೇನ್‌ಬೀ, ಎಲೆಯನ್ನು ದವಡೆಗಿಟ್ಟು. "ಮನ್ಯಾಗ ಒಂದು ಅದ. ನಾ ನೋಡೀನಿ, ಚಲೋ ಕೈ."

ಖಾದರಬಾಷಾ ನಕ್ಕ. ಬಂಡಿಯ ಮೇಲಿದ್ದ ಒಬ್ಬಿಬ್ಬರೂ ನಕ್ಕರು. ವೆಂಕೋಬ ನಗುವವರೆಲ್ಲರ ಮುಖವನ್ನು ಒಂದೊಂದಾಗಿ ನೋಡಿದ, ಮುಂದೆ ಇವರೆಲ್ಲರಿಗೂ ಖಾತೆ ತೆರೆಯಬೇಕು ಅಂದುಕೊಂಡ, ಮನೆಯ ಕಡೆ ನಡೆದ. ದಾರಿಯಲ್ಲಿ ಕೇಳುವ ಮಾತನ್ನು ಜೋಡಿಸುತ್ತ ಹೋದ. ಯವ್ವಾ, ಒಂದು ಕೆಲಸ ಐತಿ. ಯವ್ವಾ, ಬ್ಯಾಂಕಿನ ಪರವಾಗಿ. ಬೆಳಿಗ್ಗೆ ತಾನು ಆಡಿದ ಮಾತು ಪ್ರತಿ ಸಾಲಿನ ಕೊನೆಗೂ ಬಂದು ನಿಲ್ಲುತ್ತಿತ್ತು: ನಿನಗ್ಯಾಕ ಬೇಕಿತ್ತು ಬಳಿಗಾರ್ತಿ. ಅವ್ವ ಅಂಗಳದಲ್ಲಿ ತೊಗರಿ ಕೇರುತ್ತಿದ್ದಳು. ಅವನು ಹೊಸ್ತಿಲ ಹೊರಗೇ ನಿಂತು, ಜೋಡಿಸಿದ್ದನ್ನೆಲ್ಲ ಬಿಟ್ಟು, ಆದೆಪ್ಪನ ಅರ್ಧದಿಂದ ಹಿಡಿದು ಅಂಗಳದ ನಗುವಿನವರೆಗೆ ಹೇಳಿಬಿಟ್ಟ.

"ನಿನ್ನ ಅಪ್ಪ ಎರಡೂ ಕಡಿ ತಿಂದವ ಅಲ್ಲ," ಅಂದಳು ಅವ್ವ.

"ಗೊತ್ತೈತಿ."

"ಗೊತ್ತಿದ್ದೂ ತಿನ್ನಿಸಿದಿ." ಮೊರ ಕೆಳಗಿಟ್ಟು ಎದ್ದಳು. "ಮ್ಯಾಲಿನವರು ಎಷ್ಟರ ತನಕ ಬಿಟ್ಟಾರ ನಿನಗ?"

"ಮೂರೂವರಿ. ಅದು ದಾಟಿದ್ರ ನನ್ನ ಪಗಾರದಾಗ ಮುರಕೋತಾರ."

"ಹುಸೇನ್‌ಬೀ ಆಗ್ಲೇ ಅಷ್ಟು ಹಿಡಿದಾಳ. ನನಗ ಹೇಳ್ಯಾಳ." ಒಳಗೆ ಹೋಗಿ ತೊಳೆದ ಸೀರೆ ಉಟ್ಟು ಬಂದಳು. ಅವನು ಮುಂದೆ, ಅವಳು ನಾಲ್ಕು ಹೆಜ್ಜೆ ಹಿಂದೆ. ಗಿಡದ ಕೆಳಗೆ ಹಾಯುವಾಗ ನೀಲಿ ಕಲೆಯ ಹತ್ತಿರ ಅವನ ಹೆಜ್ಜೆ ತಾನಾಗಿ ಚುರುಕಾಯಿತು. ಕೈ ಸಿಕ್ಕಿತು, ಇನ್ನು ಗೆದ್ದ ಹಾಗೆಯೇ. ಮೂರೂವರೆಗೆ ಮೂರೂವರೆ, ಉಳಿದದ್ದನ್ನು ಅವ್ವನ ಬೆರಳು ನೋಡಿಕೊಳ್ಳುತ್ತದೆ, ನಮ್ಮ ಪೆಟ್ಟಿಗೆ, ನಮ್ಮ ಬೆಂಚು, ಏಣಿ ಇಲ್ಲದ ಬಾಗಿಲು, ಹೆಣ್ಣಿಗೆ ಹೆಣ್ಣು ಹೇಳಿದರೆ ಸಾಕು. ಸಂಜೆಯ ಬಸ್ಸಿಗೆ ಕುರ್ಚಿ ಹೋಗುವುದಿಲ್ಲ.

ಅಂಗಳದಲ್ಲಿ ಗದ್ದೆಮ್ಮ ನೇರವಾಗಿ ಹೋಗಿ ಅಮರಮ್ಮನ ಕಂಬಳಿಯ ಮೇಲೆ ಕೂತಳು. ಹುಸೇನ್‌ಬೀ ಸರಿದು ಜಾಗ ಮಾಡಿದಳು. ಯಾವ ಊರು, ಎಷ್ಟು ವರ್ಷ ಆತು, ಮಕ್ಕಳೆಷ್ಟು ಎಂಬ ನಾಲ್ಕು ಮಾತು ನಡೆಯಿತು. ನಂತರ ಅವ್ವ ಸೆರಗನ್ನು ಮುಂದಕ್ಕೆಳೆದು ಅಮರಮ್ಮನ ಕೈಯ ಮೇಲೆ ಹೊದಿಸಿದಳು. ಸೆರಗು ಒಂದೆರಡು ಸಲ ಅಲುಗಿತು. ವೆಂಕೋಬ ಅಲುಗಾಟವನ್ನು ಓದಲು ನೋಡಿದ, ಆಗಲಿಲ್ಲ. ಅಮರಮ್ಮನ ಹುಬ್ಬು ಮೇಲಕ್ಕೇರಿ ಇಳಿಯಿತು, ತಲೆಯಾಡಿಸಿದಳು. ಮುಗಿಯಿತು ಎಂದು ಅವನು ಚೀಲದಿಂದ ಅರ್ಜಿ ತೆಗೆಯಹೋದ.

"ಇರು," ಅಂದಳು ಅವ್ವ. ಎಡಗೈ ಇನ್ನೂ ಅಮರಮ್ಮನ ಕೈ ಹಿಡಿದೇ ಇತ್ತು. ಬಲಗೈಯನ್ನು ಮಗನ ಕಡೆ ಚಾಚಿದಳು. "ನಿನ್ನ ಶಲ್ಯ ತಾ."

"ನನ್ನದ್ಯಾಕ?"

"ಈಕಿ ಕಡಿಯಿಂದ ಮಾತಾಡಾಕಿ ಈಗ ನಾನು. ನೀ ಬ್ಯಾಂಕಿನವ. ಕುಂದ್ರು."

ಅಂಗಳದಲ್ಲಿ ಯಾರೋ ಓಹೋ ಅಂದರು. ಖಾದರಬಾಷಾ ಅಂಡಿಗೆಯಿಂದ ಬೆನ್ನು ಕಿತ್ತು ಹತ್ತಿರ ಬಂದ. ಕೈಯನ್ನು ನಾನೇ ತಂದೆ, ಅದು ಅತ್ತ ಹೋಯಿತು ಎಂದು ತಿಳಿಯುತ್ತಲೇ ವೆಂಕೋಬನ ಕಿವಿ ಬಿಸಿಯಾಯಿತು. ಎದ್ದು ಹೋಗಬಹುದಿತ್ತು. ಮಗನ ಕೂಡ ತಾಯಿ ವ್ಯಾಪಾರ ಮಾಡುವುದು ಎಲ್ಲಿಯ ಪದ್ಧತಿ ಎಂದು ಕೇಳಬಹುದಿತ್ತು. ಪದ್ಧತಿಯಲ್ಲಿ ತಪ್ಪೇನೂ ಇರಲಿಲ್ಲ, ತಾಯಿ ಮಗನ ಕೈ ಹಿಡಿಯಬಹುದು. ಅವನು ಧೂಳಿನಲ್ಲಿ ಮಂಡಿ ಮಡಚಿ ಕೂತ. ಶಲ್ಯವನ್ನು ಎರಡು ಕೈಗಳ ಮೇಲೆ ಹರವಿದ.

ಅವ್ವನ ಕೈ ಮೊದಲು ಏನೂ ಮಾಡಲಿಲ್ಲ, ಅವನ ಅಂಗೈಯ ಮೇಲೆ ಸುಮ್ಮನೆ ಇತ್ತು. ಹೆಬ್ಬೆರಳು ಮಸಿಗೆ ಒತ್ತಿದ ದಿನದ ನಂತರ ಈ ಕೈಯನ್ನು ಅವನು ಮುಟ್ಟಿರಲಿಲ್ಲ. ಆ ದಿನವೂ ಮುಟ್ಟಿದ್ದು ಹೆಬ್ಬೆರಳನ್ನು, ಕೈಯನ್ನಲ್ಲ. ಒಣ ಅಂಗೈ, ಹಿಟ್ಟು ಕಚ್ಚಿದ ಬಿರುಕುಗಳು, ಕಿರುಬೆರಳಿನ ಬುಡದಲ್ಲಿ ಕುಡುಗೋಲಿನ ಹಳೆಯ ಗಾಯ. ಬೆರಳುಗಳು ಎದ್ದು ಅವನ ನಾಲ್ಕನ್ನೂ ಒಟ್ಟಿಗೆ ಹಿಡಿದವು. ನಾಲ್ಕು. ಅವನು ಕಿರುಬೆರಳನ್ನು ಬಿಡಿಸಿಕೊಂಡ, ಮೂರು. ಅವಳು ಮೂರನ್ನು ಹಿಡಿಯಲಿಲ್ಲ, ಕಾಯ್ದಳು. ಅವನು ಕಿರುಬೆರಳನ್ನು ನಡುಗೆಣ್ಣಿನವರೆಗೆ ಮುಂದಿಟ್ಟ, ಮೂರೂವರೆ, ಇದು ಕೊನೆ. ಕಣ್ಣೆತ್ತಿ ನೋಡಿದ. ಅವ್ವ ಬಂಡಿಗಳ ಕಡೆ ನೋಡುತ್ತಿದ್ದಳು, ಅಪ್ಪನ ಹಾಗೆ, ಆದೆಪ್ಪನ ಹಾಗೆ. ಶಲ್ಯದ ಕೆಳಗೆ ಅವಳ ಕೈ ಮತ್ತೆ ಬಂತು, ಕಿರುಬೆರಳನ್ನು ಬುಡದವರೆಗೆ ಹಿಡಿಯಿತು, ಒಮ್ಮೆ ಒತ್ತಿತು. ನಾಲ್ಕು. ಎರಡನೆಯ ಸಲ ಒತ್ತಲಿಲ್ಲ, ಬಿಡಲೂ ಇಲ್ಲ.

ಅರ್ಧ ಅಂದರೆ ವರ್ಷಕ್ಕೆ ಮೂವತ್ತು ರೂಪಾಯಿ. ಅವನ ಪಗಾರ ತಿಂಗಳಿಗೆ ಮೂವತ್ತೈದು. ಆದೆಪ್ಪನ ಬೆರಳಿಗೆ ಬ್ಯಾಂಕಿನ ದುಡ್ಡಿನಿಂದ ಕೊಟ್ಟ ಅರ್ಧವೂ ಇಷ್ಟೇ ಇತ್ತು, ಆಗ ಇಷ್ಟು ಭಾರ ಅನ್ನಿಸಿರಲಿಲ್ಲ. ಅವನು ಕಂಬಳಿಯ ಮೇಲೆ ಕೂತ ಮೂವರನ್ನೂ ನೋಡಿದ. ಸಂತೆಕಲ್ಲೂರಿಗೆ ಅಮರಮ್ಮ ಮರಳುತ್ತಾಳೆ. ಅಲ್ಲಿ ಬಾವಿಯ ಹತ್ತಿರ ಎಷ್ಟು ಹೆಂಗಸರಿದ್ದಾರೆ, ಮಸ್ಕಿಯಲ್ಲೆಷ್ಟು, ಕಾಲುವೆ ಬಂದ ಮೇಲೆ ಮುಕ್ಕುಂದದಲ್ಲೆಷ್ಟು. ಎಲ್ಲರ ಗಂಟುಗಳೂ ಯಾವುದೋ ಮೈದುನನ ಬೆರಳಿಗೆ ಕಾಯುತ್ತ ಕೂತಿವೆ. ಈ ಮೂವತ್ತು ರೂಪಾಯಿ ಬಿತ್ತನೆಯ ಬೀಜ. ತಾನು ಮಾಡುತ್ತಿರುವುದು ಪಶ್ಚಾತ್ತಾಪವೋ ವ್ಯಾಪಾರವೋ ಎಂದು ಯಾರಾದರೂ ಕೇಳಿದ್ದರೆ ಅವನಿಗೆ ಹೇಳಲು ಬರುತ್ತಿರಲಿಲ್ಲ. ಎರಡೂ ಅದೇ ಕಿರುಬೆರಳಿನಲ್ಲಿದ್ದವು, ಅದನ್ನು ಅವ್ವ ಹಿಡಿದಿದ್ದಳು.

"ಆತು," ಅಂದ.

ಅವ್ವ ಶಲ್ಯ ಕೊಡವಿ ಅವನ ಹೆಗಲಿಗೆ ಹಾಕಿದಳು. ಎಡಗೈ ಅಮರಮ್ಮನಿಗೆ ಏನೋ ಹೇಳಿತು. ಅಮರಮ್ಮ ಹುಸೇನ್‌ಬೀಯ ಕಡೆ ತಿರುಗಿ ಸೆರಗಿನೊಳಗೆ ಅವಳ ಕೈ ಹಿಡಿದಳು. ಹುಸೇನ್‌ಬೀ ಎಲೆ ಉಗುಳಿದಳು.

"ಇದಕ್ಕ ನಾ ಇಲ್ಲವ್ವ. ಹೋಗು, ಇಡು." ಮಗನಿಗೆ ಕೂಗಿದಳು, "ಪುಸ್ತಕ ಒಳಗ ಹಾಕೋ ಬಾಷಾ."

"ಎಷ್ಟಕ್ಕ ಮುಗೀತು?" ಅಂದ ಖಾದರಬಾಷಾ, ವೆಂಕೋಬನ ಕಿವಿಯ ಹತ್ತಿರ. ನಗು ಹೋಗಿತ್ತು, ನಿಜವಾಗಿಯೂ ತಿಳಿಯಬೇಕಿತ್ತು ಅವನಿಗೆ.

"ನಿಮ್ಮಮ್ಮನ್ನ ಕೇಳು."

"ಅಕಿ ಹೇಳಂಗಿಲ್ಲ. ಕೈಯಾಗಿನ ಮಾತು ಗಂಡಸರ ಮುಂದ ಬಿಡಂಗಿಲ್ಲ ಅಕಿ."

"ಹಂಗಾದ್ರ ಶಲ್ಯಾನ ಕೇಳು," ಅಂದ ವೆಂಕೋಬ. ಈ ಸಲ ಉತ್ತರ ತಕ್ಕ ಹೊತ್ತಿಗೆ ಬಂದದ್ದಕ್ಕೆ ಖುಷಿಯಾಯಿತು.

ಬೇವಿನ ಗಿಡದ ಕೆಳಗೆ ಬೆಂಚಿನ ಮೇಲೆ ಅಮರಮ್ಮ ಕೂತಳು. ಆದೆಪ್ಪ ಬಂಡಿಯ ಹತ್ತಿರವೇ ಉಳಿದಿದ್ದ, ಕರೆಯಲಿಲ್ಲ ಯಾರೂ. ವೆಂಕೋಬ ಮಸಿಯ ಡಬ್ಬಿ ತೆರೆದು ಅವಳ ಮುಂದಿಟ್ಟ, ಅರ್ಜಿಯಲ್ಲಿ ಬೆರಳೊತ್ತುವ ಜಾಗ ತೋರಿಸಿದ, ತನ್ನ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಅವಳು ಹೆಬ್ಬೆರಳನ್ನು ಮಸಿಗೆ ಅದ್ದಿ, ಕಾಗದದ ಮೇಲೆ ಎಲ್ಲಿ ಇಡಬೇಕೆಂದು ಸ್ವಲ್ಪ ಯೋಚಿಸಿ, ಇಟ್ಟಳು. ಗೆರೆ ಗೆರೆ ಬಿಡಿಸಿ ಮೂಡಿತು, ಒಂದೇ ಸಲಕ್ಕೆ. ಒರೆಸಿಕೊಳ್ಳಲು ಅವನು ಹೆಗಲಿನ ಶಲ್ಯ ತೆಗೆದುಕೊಟ್ಟ. ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ನಿಂದೂ ಇಲ್ಲೇ ತರ್ತಿ ಏನು?" ಎಂದು ಕೇಳಿದ, ಆದಷ್ಟು ಸಾಧಾರಣ ದನಿಯಲ್ಲಿ.

"ನಂದು ಅಲ್ಲೇ ಇರಲಿ."

"ಯಾಕ? ನಾ ನಾಕು ಕೊಡ್ತೀನಲ್ಲ."

"ಅಲ್ಲೊಂದು ಇಲ್ಲೊಂದು ಇದ್ರನ ನೀವಿಬ್ರೂ ನೆಟ್ಟಗಿರ್ತೀರಿ. ಅಟ್ಟದ ಬ್ಯಾಂಕು ಮುಚ್ಚಿತು ಅಂತ ತಿಳಿ, ನಾಳಿಗೆ ನೀ ಮತ್ತ ಯಾವನದೋ ಬೆರಳು ಹಿಡಿತಿ."

ಅಮರಮ್ಮ ಗಟ್ಟಿಯಾಗಿ ನಕ್ಕಳು. ವೆಂಕೋಬ ಮಸಿಯ ಡಬ್ಬಿಯ ಮುಚ್ಚಳ ಹಾಕಿದ. ಸಂಜೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ವಿರೂಪಾಕ್ಷಪ್ಪನವರಿಗೆ ಚೀಟಿ ಬರೆಯಲು ಕೂತ. ಆರು ಸಾವಿರ, ಒಂದು ವರ್ಷ, ಸೇಕಡಾ ನಾಲ್ಕು. ಹೆಚ್ಚಿನ ಅರ್ಧವನ್ನು ನನ್ನ ಪಗಾರದಲ್ಲಿ ಮುರಿದುಕೊಳ್ಳುವುದು. ಬರೆದು ಮಸಿ ಆರಲು ಬಿಟ್ಟ. ಹೊರಗೆ ಅವ್ವ ಅಮರಮ್ಮನನ್ನು ಬಂಡಿಯವರೆಗೆ ಕಳಿಸಲು ಹೊರಟಿದ್ದಳು.

"ಯವ್ವಾ, ಮನಿಗೆ ಹೋದ ಮ್ಯಾಲ ಆ ಹಸಿರು ಪುಸ್ತಕ ಒಂದು ಗಳಿಗಿ ಕೊಡು," ಎಂದು ಕೂಗಿದ.

"ಯಾಕ? ಹರದು ಹಾಕಾಕೇನು?"

"ಅವರು ರಟ್ಟು ಎಲ್ಲಿ ಕಟ್ಟಸ್ಯಾರ ಅಂತ ನೋಡಬೇಕು."

ಲೇಖಣಿಯನ್ನು ಮತ್ತೆ ಮಸಿಯ ದೌತಿಗೆ ಅದ್ದಿ ಎರಡನೆಯ ಸಾಲು ಬರೆದ: ನಮ್ಮ ಪಾಸುಬುಕ್ಕಿನ ಹಳದಿ ಕಾಗದವನ್ನು ಕೂಡಲೇ ಬದಲಿಸುವುದು, ಬಣ್ಣ ಬಿಡುತ್ತದೆ.